ಪೋಲೊ ಜಿಟಿ ಟಿಎಸ್‌ಐಗೆ ಯಾವ ದೊಡ್ಡ ಟರ್ಬೊ ಹಾಕಿಸಲಿ?

ಇಂಜಿನ್ ಬಿಚ್ಚದೆ, ಒಂದೂವರೆ ಲಕ್ಷದೊಳಗೆ, 1.2 ಲೀಟರ್ ಪೋಲೊಗೆ ದೊಡ್ಡ ಟರ್ಬೊ (ಇಂಜಿನ್ನಿಗೆ ಒತ್ತಡದಲ್ಲಿ ಗಾಳಿ ತಳ್ಳುವ ಭಾಗ) ಬೇಕು ಅಂತೀರಿ. ಕೆಲವು ವರ್ಷದ ಹಿಂದೆ ನಾನೂ ಇದನ್ನೇ ಕೇಳಿಕೊಂಡು ಓಡಾಡುತ್ತಿದ್ದೆ. ಅದೇ ಗಾಡಿ, ಅದೇ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಬಜೆಟ್ಟೂ ಹೆಚ್ಚು ಕಮ್ಮಿ ಅಷ್ಟೇ. ಹಾಕಿಸಿದೆ. ವರ್ಷ ತುಂಬುವ ಮೊದಲೇ ಇಂಜಿನ್ ಬಿಚ್ಚಬೇಕಾಯಿತು.

ಮೊದಲು ಕಂಪನಿ ಟರ್ಬೊ ಮೇಲೆಯೇ ರೀಮ್ಯಾಪ್ ಮಾಡಿಸಿದ್ದೆ, ಅಂದರೆ ಇಂಜಿನ್ನಿನ ಕಂಪ್ಯೂಟರ್ ಇಸಿಯುವಿನ ಲೆಕ್ಕ ಬದಲಿಸಿದ್ದೆ. ತುಂಬಾ ಚೆನ್ನಾಗಿತ್ತು, ಈಗಲೂ ಹಾಗೇ ಹೇಳುತ್ತೇನೆ. ಆದರೆ 4500 ಆರ್‌ಪಿಎಂ ದಾಟಿದ ಮೇಲೆ ಎಳೆತ ಕಮ್ಮಿಯಾಗುತ್ತದೆ ಅಂತ ಒಂದೇ ಕೊರಗು. ಆ ಸಣ್ಣ ಟರ್ಬೊಗೆ ಅಷ್ಟು ಗಾಳಿ ತಳ್ಳಲು ಆಗುವುದಿಲ್ಲ, ಅದು ನಿಜ. ಅದಕ್ಕೇ ಗಾಳಿ ತಳ್ಳುವ ಕಂಪ್ರೆಸರ್ ವೀಲೂ ಇಂಜಿನ್ ಹೊಗೆಯಿಂದ ತಿರುಗುವ ಟರ್ಬೈನ್ ವೀಲೂ ಎರಡೂ ದೊಡ್ಡದಿರುವ ಟರ್ಬೊ ತರಿಸಿದೆ. ಟ್ಯೂನರ್ ಅದಕ್ಕೆ 99 ಆಕ್ಟೇನ್ ಪೆಟ್ರೋಲ್ ಲೆಕ್ಕ ಹಿಡಿದು ಮ್ಯಾಪ್ (ಎಷ್ಟು ಬೂಸ್ಟ್ ಅಂದರೆ ಟರ್ಬೊ ಒತ್ತಡ, ಸ್ಪಾರ್ಕ್ ಯಾವಾಗ ಅಂತ ಇಸಿಯುಗೆ ಹೇಳುವ ಪಟ್ಟಿ) ಬರೆದುಕೊಟ್ಟ. "99 ಇಲ್ಲಾಂದ್ರೆ 100 ಹಾಕಿ ಸರ್, ಬೇರೆ ಹಾಕ್ಬೇಡಿ" ಅಂತ ಬಾಯಿಬಿಟ್ಟು ಹೇಳಿದ್ದ ಕೂಡ. ಬೆಂಗಳೂರಿನಲ್ಲಿ ಅದೇನೂ ಕಷ್ಟ ಇರಲಿಲ್ಲ. ಪವರ್ 99 ಸಿಗುವ ಬಂಕ್ ಗೊತ್ತಿತ್ತು, ಎಕ್ಸ್‌ಪಿ100 ಸಿಗುವುದೂ ಗೊತ್ತಿತ್ತು.

ಆಮೇಲೆ ಮಂಗಳೂರಿಗೆ ಹೋದೆವು. ವಾಪಸ್ ಬರುವಾಗ ನೆಲ್ಯಾಡಿ ಹತ್ತಿರ ಬರುವಷ್ಟರಲ್ಲಿ ಟ್ಯಾಂಕ್ ಖಾಲಿಯಾಗುತ್ತಾ ಬಂದಿತ್ತು, ಮುಂದೆ ಶಿರಾಡಿ ಘಾಟ್, ಸಿಕ್ಕ ಬಂಕಿನಲ್ಲಿ ಸಾದಾ ಪೆಟ್ರೋಲ್ ತುಂಬಿಸಿಬಿಟ್ಟೆ. ಆಗ ಸಾದಾ ಪೆಟ್ರೋಲ್ ಅಂದರೆ 91 ಆಕ್ಟೇನ್. ಇಂಜಿನ್ ಒಳಗಿನ ಕೆಟ್ಟ ಸಿಡಿತ ಹಿಡಿಯುವ ನಾಕ್ ಸೆನ್ಸರ್ ಇದೆಯಲ್ಲ, ಇಸಿಯು ನೋಡಿಕೊಳ್ಳುತ್ತದೆ ಅಂದುಕೊಂಡೆ. ಈ ಒಂದು ಯೋಚನೆಯೇ ನನ್ನ ಇಂಜಿನ್ ತೆಗೆದದ್ದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಆಕ್ಟೇನ್ ಅಂದರೆ ಪೆಟ್ರೋಲಿನ ಶಕ್ತಿ ಅಲ್ಲ. ಬಿಸಿ ಮತ್ತು ಒತ್ತಡ ಏರಿದಾಗ ತಾನಾಗಿಯೇ ಹತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವುದರ ಅಳತೆ. ಈ ಇಂಜಿನ್ನಿನ ಕಂಪ್ರೆಷನ್ (ಒಳಗಿನ ಮಿಶ್ರಣವನ್ನು ಹಿಂಡುವ ಪ್ರಮಾಣ) 10ಕ್ಕೆ 1, ಟರ್ಬೊ ಗಾಡಿಗೆ ಅದೇನೂ ಕಮ್ಮಿ ಅಲ್ಲ. ಅದರ ಮೇಲೆ ಬೂಸ್ಟ್ ಏರಿಸಿದರೆ ಒಳಗೆ ಬಿಸಿ ಇನ್ನೂ ಏರುತ್ತದೆ. ಸ್ಪಾರ್ಕ್ ಹೊಡೆದ ಮೇಲೆ ಬೆಂಕಿ ಒಂದು ಕಡೆಯಿಂದ ಹರಡುತ್ತಾ ಹೋಗಬೇಕು. ಆಕ್ಟೇನ್ ಸಾಲದಿದ್ದರೆ ಬೆಂಕಿ ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನೇ ಸಿಡಿಯುತ್ತದೆ. ಅದೇ ನಾಕಿಂಗ್. ಆರ್‌ಪಿಎಂ ಕಮ್ಮಿ ಇದ್ದು ಲೋಡ್ ಜಾಸ್ತಿ ಇದ್ದರೆ ಆ ಮೂಲೆಗೆ ಬಿಸಿಯಾಗಲು ಹೆಚ್ಚು ಸಮಯ ಸಿಗುತ್ತದೆ. ಈಗ ಘಾಟ್ ಯೋಚಿಸಿ. ಗಾಡಿ ತುಂಬಾ ಜನ, ಡಿಕ್ಕಿ ತುಂಬಾ ಲಗೇಜು, ಎಸಿ ಬೇರೆ. ಹಿಂದೆ ಮಲಗಿದ್ದ ಅಮ್ಮನಿಗೆ ಗೇರ್ ಬದಲಾಗುವ ಎಳೆದಾಟ ಬೇಡ ಅಂತ ನಾನು ಮ್ಯಾನ್ಯುವಲ್ ಮೋಡಿನಲ್ಲಿ ದೊಡ್ಡ ಗೇರಿನಲ್ಲೇ ಇಟ್ಟುಕೊಂಡು, ಟರ್ಬೊ ಬರುವ 3000ದ ಆಸುಪಾಸಿನಲ್ಲಿ ಪೆಡಲ್ ಒತ್ತಿ ಹಿಡಿದು ಲಾರಿಗಳನ್ನು ಹಿಂದೆ ಹಾಕುತ್ತಾ ಹತ್ತಿಸಿದೆ.

ಸೆನ್ಸರ್ ಸುಮ್ನೆ ಇರಲಿಲ್ಲ. ಅದು ಸದ್ದು ಹಿಡಿದು ಹೇಳುತ್ತದೆ, ಇಸಿಯು ಸ್ಪಾರ್ಕನ್ನು ಹಿಂದಕ್ಕೆ ಎಳೆಯುತ್ತದೆ. ಆದರೆ ಎಷ್ಟು ಎಳೆಯಬಹುದು ಅನ್ನುವುದಕ್ಕೆ ಮಿತಿ ಇದೆ, ಆ ಮಿತಿಯೂ ಮ್ಯಾಪಿನಲ್ಲೇ ಬರೆದಿರುತ್ತದೆ. ನನ್ನ ಮ್ಯಾಪು 99 ನಂಬಿಕೊಂಡು ಕೇಳುತ್ತಿದ್ದ ಬೂಸ್ಟು 91ಕ್ಕೆ ತೀರಾ ಹೆಚ್ಚು, ಸ್ಪಾರ್ಕ್ ಎಷ್ಟು ಎಳೆದರೂ ಸಾಲುತ್ತಿರಲಿಲ್ಲ. ಇನ್ನೊಂದು ವಿಷಯ: ಸ್ಪಾರ್ಕ್ ಹೊಡೆಯುವ ಮೊದಲೇ ಮಿಶ್ರಣ ಹತ್ತಿಕೊಂಡರೆ ಸ್ಪಾರ್ಕನ್ನು ಹಿಂದಕ್ಕೆ ಎಳೆದು ಏನೂ ಪ್ರಯೋಜನ ಇಲ್ಲ. ಸಣ್ಣ ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮುವ) ಟರ್ಬೊ ಇಂಜಿನ್ನುಗಳಿಗೆ ಕಮ್ಮಿ ಆರ್‌ಪಿಎಂನಲ್ಲಿ ಆ ಕಾಟವೂ ಇದೆ.

ಸಕಲೇಶಪುರ ದಾಟುವಾಗ ಹಿಂದೆ ನೀಲಿ ಹೊಗೆ. ಬಿಚ್ಚಿಸಿದಾಗ ಒಂದು ಪಿಸ್ಟನ್ನಿನಲ್ಲಿ ಎರಡು ರಿಂಗುಗಳ ನಡುವಿನ ಸಣ್ಣ ಗೋಡೆ ಒಡೆದಿತ್ತು. ಸಿಲಿಂಡರಿಗೂ ಗೀರು. ಟರ್ಬೊಗೆ ಏನೂ ಆಗಿರಲಿಲ್ಲ! ರಿಪೇರಿಗೆ ಹೋದದ್ದು ಟರ್ಬೊಗೆ ಕೊಟ್ಟದ್ದಕ್ಕಿಂತ ಜಾಸ್ತಿ.

ಆ ಪೆಟ್ರೋಲ್ ಹಾಕಿಸಿದ್ದೇ ತಪ್ಪು ಅಂತ ಬಹಳ ಜನ ಹೇಳಿದರು. ನಾನು ಒಪ್ಪುವುದಿಲ್ಲ. ಹಾಕಿಸಬೇಕಾಗಿಯೇ ಬರುತ್ತಿತ್ತು, ಇವತ್ತಲ್ಲ ನಾಳೆ. ಊರಿಗೆ ಹೋಗುವ ಗಾಡಿಗೆ ದಾರಿಯಲ್ಲಿ ಸಿಗದ ಪೆಟ್ರೋಲಿನ ಮ್ಯಾಪ್ ಒಂದನ್ನೇ ಬರೆಸಿಕೊಂಡದ್ದು, ಸಾದಾ ಪೆಟ್ರೋಲಿಗೆ ಬೂಸ್ಟ್ ಇಳಿಸಿದ ಇನ್ನೊಂದು ಮ್ಯಾಪ್ ಕೇಳದೇ ಇದ್ದದ್ದು, ತಪ್ಪು ಅಲ್ಲಿದೆ. ಕೊನೆಗೆ ಆ ದಿನ ಸಣ್ಣ ಗೇರಿನಲ್ಲಿ ಪೆಡಲ್ ಹಗುರವಾಗಿ ಒತ್ತಿ ಬೂಸ್ಟ್ ಬರಿಸದೆ ಹತ್ತಿಸಿದ್ದರೂ ಮನೆ ಮುಟ್ಟುತ್ತಿದ್ದೆ.

ಹಾಗಾಗಿ ಯಾವ ಟರ್ಬೊ ಅನ್ನುವ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ, ಪ್ರಶ್ನೆಯೇ ಸರಿ ಇಲ್ಲ. ನಿಮ್ಮ ಗಾಡಿ ಕಂಪನಿಯಿಂದ ಬಂದದ್ದು 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಎಳೆತ. ಆ 175 ಪೂರ್ತಿ 1500 ಆರ್‌ಪಿಎಂಗೇ ಸಿಗುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬೇಕಾದದ್ದು ಅದೇ ಅಲ್ವಾ? ದೊಡ್ಡ ಟರ್ಬೊ ಅದನ್ನು ಕಿತ್ತುಕೊಂಡು, ನೀವು ದಿನದಲ್ಲಿ ಒಂದು ನಿಮಿಷವೂ ಮುಟ್ಟದ ಆರ್‌ಪಿಎಂನಲ್ಲಿ ವಾಪಸ್ ಕೊಡುತ್ತದೆ. ಡಿಎಸ್‌ಜಿ ತಡೆಯುವುದು 250 ನ್ಯೂಟನ್ ಮೀಟರ್, ಒಳಗಿರುವುದು ಆಯಿಲಿನಲ್ಲಿ ಮುಳುಗಿರದ ಡ್ರೈ ಕ್ಲಚ್. ಹೈ ಪ್ರೆಷರ್ ಪಂಪು ಕೊಡುವ ಪೆಟ್ರೋಲಿಗೂ ಒಂದು ಮಿತಿ ಇದೆ. ಈಗ ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಆಕ್ಟೇನ್ ಏರಿದರೂ, ಅಷ್ಟೇ ಗಾಳಿಗೆ ಇನ್ನೂ ಜಾಸ್ತಿ ಪೆಟ್ರೋಲ್ ಸುರಿಯಬೇಕು, ಅಂದರೆ ಪಂಪು ಇನ್ನೂ ಬೇಗ ಸುಸ್ತಾಗುತ್ತದೆ. ಒಂದೂವರೆ ಲಕ್ಷ ಟರ್ಬೊಗೇ ಮುಗಿದರೆ ಇವಕ್ಕೆಲ್ಲ ದುಡ್ಡು ಎಲ್ಲಿಂದ?

150 ಪಿಎಸ್ ಬೇಕೇ ಬೇಕು ಅಂದರೆ ಪೋಲೊ ಮಾರಿ ಫೋಕ್ಸ್‌ವ್ಯಾಗನ್‌ದೇ ವರ್ಟಸ್ 1.5 ತೆಗೆದುಕೊಳ್ಳಿ. ಕಂಪನಿಯೇ 150 ಪಿಎಸ್, 250 ನ್ಯೂಟನ್ ಮೀಟರ್ ಕೊಡುತ್ತದೆ, ವಾರಂಟಿ ಸಮೇತ. ದುಡ್ಡು ಜಾಸ್ತಿ ಅಂತೀರಿ, ಗೊತ್ತು. ಪೋಲೊನೇ ಪ್ರೀತಿ ಅಂದರೆ (ನನಗೂ ಅದೇ, ಇನ್ನೂ ಮಾರಿಲ್ಲ) ಕಂಪನಿ ಟರ್ಬೊ ಇಟ್ಟುಕೊಂಡು ಸಾದಾ ಪೆಟ್ರೋಲಿಗೆ ಬರೆದ ಮೆತ್ತಗಿನ ರೀಮ್ಯಾಪ್, ಒಳ್ಳೆಯ ಟೈರು, ಒಳ್ಳೆಯ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್. ನಾನು ಈಗ ಓಡಿಸುತ್ತಿರುವುದು ಇದನ್ನೇ.

ಕಾನೂನೂ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಮಾರ್ಪಾಡಿನ ಬಗ್ಗೆಯೇ ಇದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಬಿಗಿ ಮಾಡಿದೆ. ಹೇಳದೆ ಮಾಡಿಸಿದ ಮಾರ್ಪಾಡು ಇದ್ದರೆ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ಬರಬಹುದು.

ಇಷ್ಟು ಓದಿಯೂ ಹಾಕಿಸುತ್ತೇನೆ ಅಂತಿದ್ದರೆ, ದುಡ್ಡು ಕೊಡುವ ಮೊದಲು ಟ್ಯೂನರ್ ಹತ್ತಿರ ಇದೇ ಇಂಜಿನ್ನಿಗೆ ಇದೇ ಟರ್ಬೊ ಹಾಕಿದ ಬೇರೆ ಗಾಡಿಯ ಡೇಟಾ ಲಾಗ್ ಕೇಳಿ. ಡೈನೊ (ಶಕ್ತಿ ಅಳೆಯುವ ಯಂತ್ರ) ಚೀಟಿ ಅಲ್ಲ, ಗಾಡಿ ಓಡುವಾಗ ಇಸಿಯುನಿಂದ ದಾಖಲಿಸಿದ ಲಾಗ್. ಪ್ರತಿ ಸಿಲಿಂಡರಿಗೆ ಸ್ಪಾರ್ಕ್ ಎಷ್ಟು ಹಿಂದಕ್ಕೆ ಹೋಗಿದೆ, ಇಸಿಯು ಕೇಳಿದ ರೈಲ್ ಪ್ರೆಷರಿಗೂ (ಪಂಪು ಕೊಡುವ ಪೆಟ್ರೋಲಿನ ಒತ್ತಡ) ಸಿಕ್ಕಿದ್ದಕ್ಕೂ ಎಷ್ಟು ವ್ಯತ್ಯಾಸ, ಒಳಗೆ ಹೋಗುವ ಗಾಳಿ ಎಷ್ಟು ಬಿಸಿ, ಈ ಮೂರೂ ಸಾದಾ ಪೆಟ್ರೋಲಿನಲ್ಲಿ ಓಡಿಸಿದಾಗಿನದು ಬೇಕು. ತೋರಿಸಿದರೆ ಇಲ್ಲಿ ಹಾಕಿ, ಒಟ್ಟಿಗೆ ಕೂತು ನೋಡೋಣ. ತೋರಿಸದಿದ್ದರೆ ಕೀಲಿ ಕೊಡಬೇಡಿ.