ಪಾಠ ಗೊತ್ತು, ಸೂಜಿಯ ಚೂರು ಮಾತ್ರ ಸಿಗುತ್ತಿಲ್ಲ

ಪ್ರಶ್ನೆ: ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ತರಬೇತಿ ನನ್ನ ಹೊಣೆ. ಸೂಜಿ ಮುರಿದರೆ ಚೂರುಗಳನ್ನೆಲ್ಲ ಹುಡುಕಿ ಒಪ್ಪಿಸಬೇಕೆಂದು ಪ್ರತಿ ಬ್ಯಾಚಿಗೂ ಕಲಿಸುತ್ತೇವೆ. ಪರೀಕ್ಷೆಯಲ್ಲಿ ಎಲ್ಲರೂ ಪಾಸು. ಆದರೂ ಪ್ಯಾಕಿಂಗ್‌ನಲ್ಲಿ ಮೆಟಲ್ ಡಿಟೆಕ್ಟರ್ ಕೂಗುವುದು ನಿಂತಿಲ್ಲ. ಪಾಠಕ್ಕೆ ವಿಡಿಯೊ ಸೇರಿಸಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ವಿಡಿಯೊ ಆಮೇಲೆ ನೋಡೋಣ. ಎಲ್ಲರೂ ಪಾಸಾಗಿದ್ದಾರೆಂದರೆ ವಿಷಯ ಅವರಿಗೆ ಗೊತ್ತಿದೆ. ಗೊತ್ತಿದ್ದೂ ಏಕೆ ಮಾಡುತ್ತಿಲ್ಲ? ಒಂದು ದಿನ ಹೊಲಿಗೆ ಯಂತ್ರಗಳ ಸಾಲಿನಲ್ಲೇ, ಅಂದರೆ ಲೈನಿನಲ್ಲೇ, ನಿಂತು ನೋಡಿ.

ಗುಣಮಟ್ಟ ವಿಭಾಗದಲ್ಲಿದ್ದಾಗ ನಾನು ಕಂಡದ್ದನ್ನು ಹೇಳುತ್ತೇನೆ. ಸೂಜಿ ಮುರಿದರೆ ಟೈಲರ್ ಯಂತ್ರ ನಿಲ್ಲಿಸಿ, ಬಾಬಿನ್ ಕೇಸ್, ಬಟ್ಟೆಯ ಮಡಿಕೆ, ನೆಲ ಎಲ್ಲವನ್ನೂ ತಡಕಬೇಕು. ಚೂರುಗಳನ್ನು ರಿಜಿಸ್ಟರಿನಲ್ಲಿ ಟೇಪಿನಿಂದ ಅಂಟಿಸಿದ ಮೇಲೆಯೇ ಹೊಸ ಸೂಜಿ. ಅದನ್ನು ಕೊಡುವವರು ಕಟ್ಟಡದ ಇನ್ನೊಂದು ತುದಿಯಲ್ಲಿ! ಅಷ್ಟರಲ್ಲಿ ಗಂಟೆಯ ಟಾರ್ಗೆಟ್ ತಪ್ಪಿ ಸೂಪರ್‌ವೈಸರನ ಬೈಗುಳ ಶುರು. ಪಕ್ಕದವಳು ಬಚ್ಚಿಟ್ಟ ಸೂಜಿಯನ್ನು ಕಡ ತಂದು ಹೊಲಿಯುವುದೇ ಸುಲಭ. ಇದಕ್ಕೆ ಟೈಲರಿಗೆ ಎಷ್ಟು ಪಾಠ ಹೇಳಿ ಏನು ಪ್ರಯೋಜನ? ಸೂಜಿಯ ಪೆಟ್ಟಿಗೆ ಲೈನಿಗೇ ಬರಲಿ, ಹುಡುಕಿದ ಹೊತ್ತನ್ನು ಟಾರ್ಗೆಟ್‌ನಿಂದ ಕಳೆಯಲಿ. ಮೊದಲ ತರಬೇತಿ ಸೂಪರ್‌ವೈಸರನಿಗೇ ಆಗಲಿ. ದಪ್ಪ ಬಟ್ಟೆಗೆ ತೆಳು ಸೂಜಿ ಹಾಕಿ ಮುರಿಯುತ್ತಿದ್ದರೆ ಅದು ಮೆಕ್ಯಾನಿಕ್ ನೋಡಬೇಕಾದದ್ದು.

ಇಷ್ಟಾದ ಮೇಲೆ ಪಾಠ. ಸಭಾಂಗಣ ಬಿಟ್ಟು ಯಂತ್ರದ ಮುಂದೆ ನಡೆಸಿ. ಮುರಿದ ಸೂಜಿಯ ತುದಿಯನ್ನು ಕಾಲರಿನ ಮಡಿಕೆಯಲ್ಲಿ ಅಡಗಿಸಿಡಿ. ಅವರು ಹುಡುಕಿ, ಚೂರುಗಳನ್ನು ಜೋಡಿಸಿ ಪೂರ್ತಿ ಸೂಜಿ ತೋರಿಸಲಿ. ಕೆಲವರ ಯಂತ್ರದಲ್ಲಿ ತುದಿಯನ್ನು ಇಡಲೇಬೇಡಿ. ಎಷ್ಟು ಹುಡುಕಿದರೂ ಸಿಗದಿದ್ದಾಗ ಬಂಡಲನ್ನು ಪಕ್ಕಕ್ಕಿಟ್ಟು, ‘ತುದಿ ಸಿಕ್ಕಿಲ್ಲ’ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸವೇ ಕಷ್ಟದ್ದು. ನಿಮ್ಮ ಪ್ರಶ್ನೆಪತ್ರಿಕೆಯಲ್ಲಿ ಅದಕ್ಕೆ ಜಾಗವಿಲ್ಲ.

ತರಬೇತಿಯನ್ನು ಅಳೆಯಲು ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಹಂತ ಹೇಳಿದ್ದರು: ಹಿಡಿಸಿತೇ, ಕಲಿತರೇ, ಕೆಲಸದಲ್ಲಿ ಪಾಲಿಸಿದರೇ, ಸಂಸ್ಥೆಗೆ ಫಲ ಸಿಕ್ಕಿತೇ. ನೀವು ಎರಡನೆಯದರಲ್ಲೇ ನಿಂತಿದ್ದೀರಿ. ತಿಂಗಳ ಬಳಿಕ ಅಂಗಡಿಯಿಂದ ತರಿಸಿದ ಸೂಜಿಗಳ ಲೆಕ್ಕವನ್ನೂ ರಿಜಿಸ್ಟರಿನ ನಮೂದುಗಳನ್ನೂ ತಾಳೆ ನೋಡಿ. ಡಿಟೆಕ್ಟರಿನಲ್ಲಿ ಸಿಕ್ಕ ಚೂರುಗಳು ಕಡಿಮೆಯಾದವೇ ಎಂಬುದನ್ನು ತರಬೇತಿ ಪಡೆದ ಲೈನಿಗಷ್ಟೇ ಎಣಿಸಿ.

ಇನ್ನೊಂದು ಮಾತು. ಬಚ್ಚಿಡುವುದು ನಿಂತರೆ, ಮೊದಮೊದಲು ರಿಜಿಸ್ಟರಿನಲ್ಲಿ ಮುರಿದ ಸೂಜಿಗಳ ಸಂಖ್ಯೆ ಏರುತ್ತದೆ. ಮಾಲೀಕರು ಗಾಬರಿಯಾಗಿ ತರಬೇತಿಯನ್ನೇ ನಿಲ್ಲಿಸಿಯಾರು. ಈ ಏರಿಕೆ ಬರುತ್ತದೆಂದು ಅವರಿಗೆ ಮುಂಚೆಯೇ ಬರಹದಲ್ಲಿ ತಿಳಿಸಿಬಿಡಿ.