ಟೂರ್ ಗುಂಪಿನ ಜೊತೆ ಶಾಂಘೈಗೆ ಹೋದವರು ರಾತ್ರಿ ಹೊತ್ತು ಹೊರಗೆ ಸುತ್ತಾಡಬಹುದಾ?

ಇಪ್ಪತ್ತೆರಡು ಜನರ ಗುಂಪು, ಶಾಂಘೈಯಲ್ಲಿ ಎರಡೇ ರಾತ್ರಿ, ಜೊತೆಗೆ ಅರವತ್ತು ದಾಟಿದ ಅಮ್ಮ ಅಂತ ಬರೆದಿದ್ದೀರಿ. ಊಟ ಮುಗಿಸಿ ಹೋಟೆಲಿಗೆ ಬಿಟ್ಟ ಮೇಲೆ ನಾವೇ ಹೊರಗೆ ಹೋಗಬಹುದಾ, ಕುಡಿಯದವರಿಗೆ ಅಲ್ಲಿ ರಾತ್ರಿ ಏನಿದೆ, ಸಸ್ಯಾಹಾರದ ಗತಿ ಏನು ಎಂದು ಕೇಳಿದ್ದೀರಿ. ನಾನು 2024ರ ನವೆಂಬರಿನಲ್ಲಿ ಮೈಸೂರಿನಿಂದ ಹೊರಟ ಗುಂಪೊಂದರ ಜೊತೆ ಹೋಗಿದ್ದೆ. ನಮ್ಮ ಮನೆಯವರು, ಅರವತ್ತೇಳು ವರ್ಷದ ಅತ್ತೆ ಜೊತೆಗಿದ್ದರು.

ಧಾರಾಳವಾಗಿ ಹೋಗಿ. ಆ ಊರಿನ ಚೆಲುವು ತೆರೆದುಕೊಳ್ಳುವುದೇ ಕತ್ತಲಾದ ಮೇಲೆ. ಗುಂಪಿನ ಬಸ್ಸು ನಿಮ್ಮನ್ನು ಹೋಟೆಲಿಗೆ ತಂದು ಇಳಿಸುವುದೂ ಸರಿಯಾಗಿ ಅದೇ ಹೊತ್ತಿಗೆ. ಹಾಗಾಗಿ ಎರಡು ರಾತ್ರಿಯಲ್ಲಿ ಒಂದನ್ನಾದರೂ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.

ಅದಕ್ಕೆ ಮೊದಲು ಮಾಡಬೇಕಾದ ಕೆಲಸ ಇಲ್ಲಿಯದು. ಪೂರ್ತಿ ದುಡ್ಡು ಕಟ್ಟುವ ಮುಂಚೆ ಹೋಟೆಲಿನ ಹೆಸರು ಕೇಳಿ, ಅಲ್ಲಿಂದ ಮೆಟ್ರೊ ಸ್ಟೇಷನ್ ಎಷ್ಟು ದೂರ ಅಂತ ಮ್ಯಾಪಿನಲ್ಲಿ ನೋಡಿ. 'ನಾಲ್ಕು ಸ್ಟಾರ್' ಅನ್ನುವುದಕ್ಕಿಂತ ಇದು ಮುಖ್ಯ. ನಮ್ಮದು ಊರಾಚೆ ಇತ್ತು, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಪುಣ್ಯಕ್ಕೆ ಹತ್ತು ನಿಮಿಷ ನಡೆದರೆ ಎರಡನೇ ಲೈನಿನ ಮೆಟ್ರೊ ಸಿಗುತ್ತಿತ್ತು. ವಿಮಾನ ನಿಲ್ದಾಣ, ಗೋಪುರಗಳಿರುವ ಲುಜಿಯಾಝುಯಿ, ನಾನ್‌ಜಿಂಗ್ ರಸ್ತೆ, ಪೀಪಲ್ಸ್ ಸ್ಕ್ವೇರ್ ಎಲ್ಲಾ ಆ ಒಂದೇ ಲೈನಿನಲ್ಲಿವೆ.

ಮೊದಲ ರಾತ್ರಿ ನಾವು ಗುಂಪಿನ ಜೊತೆಗೇ ಬಂಡ್‌ಗೆ ಹೋದೆವು. ಬಂಡ್ ಅಂದರೆ ಹುವಾಂಗ್‌ಪು ನದಿಯ ಪಶ್ಚಿಮ ದಂಡೆ. ಆರೂವರೆಗೆ ಇಂಡಿಯನ್ ಹೋಟೆಲಿನಲ್ಲಿ ಊಟಕ್ಕೆ ಕೂರಿಸಿದರು, ಊಟ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು, ಆಮೇಲೆ ಟ್ರಾಫಿಕ್. ದಂಡೆಗೆ ತಲುಪುವಷ್ಟರಲ್ಲಿ ಒಂಬತ್ತೂ ಇಪ್ಪತ್ತು. ಟೂರ್ ಮ್ಯಾನೇಜರ್ ಇಪ್ಪತ್ತೈದು ನಿಮಿಷ ಕೊಟ್ಟರು. ಅರ್ಧ ಜನ ಫೋಟೋ ತೆಗೆಯುವುದರಲ್ಲೇ ಕಳೆದರು. ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಅಂದರೆ, ಅಲ್ಲಿ ದೀಪ ರಾತ್ರಿಯಿಡೀ ಉರಿಯುವುದಿಲ್ಲ. ಹತ್ತು ಗಂಟೆಯ ಸುಮಾರಿಗೆ ಆರಿಸಿಬಿಡುತ್ತಾರೆ. ಇದು ನಿಮ್ಮ ಮ್ಯಾನೇಜರ್‌ಗೆ ಗೊತ್ತಿರುತ್ತದೆ, ಆದರೂ ಒಮ್ಮೆ ನೆನಪಿಸಿ.

ಮರುದಿನ ಮಧ್ಯಾಹ್ನವೇ "ರಾತ್ರಿ ಊಟಕ್ಕೆ ನಾವು ಬರಲ್ಲ" ಅಂತ ಹೇಳಿ, ಆರು ಗಂಟೆಗೆ ಮೂವರೇ ಮೆಟ್ರೊ ಹತ್ತಿದೆವು. ಈಸ್ಟ್ ನಾನ್‌ಜಿಂಗ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ನದಿಯ ಕಡೆ ಹತ್ತು ನಿಮಿಷದ ನಡಿಗೆ. ಹುರಿದ ಚೆಸ್ಟ್‌ನಟ್ ಪೊಟ್ಟಣ ಕಟ್ಟಿಸಿಕೊಂಡೆವು. ಬಿಸಿ ಕಾಯಿಯ ಸಿಪ್ಪೆ ಬಿಡಿಸಿ ಅತ್ತೆಯ ಕೈಗೆ ಕೊಟ್ಟರೆ "ಹಲಸಿನ ಬೀಜ ಸುಟ್ಟ ಹಾಗೇ ಇದೆ ಕಣೇ" ಅಂದರು. ನಿಜ, ಅದೇ ಹಿಟ್ಟುಹಿಟ್ಟು ರುಚಿ, ಸ್ವಲ್ಪ ಸಿಹಿ ಜಾಸ್ತಿ.

ದಂಡೆಯ ಮೇಲೆ ಜನ ಮೊದಲು ನೋಡುವುದು ಎದುರು ದಡದ ಗೋಪುರಗಳನ್ನು. 468 ಮೀಟರಿನ ಓರಿಯೆಂಟಲ್ ಪರ್ಲ್ ಟಿವಿ ಗೋಪುರ, ತುದಿಯಲ್ಲಿ ಬಾಟಲಿ ಓಪನರ್‌ನಂಥ ಕಿಂಡಿ ಇರುವ 492 ಮೀಟರಿನ ಫೈನಾನ್ಶಿಯಲ್ ಸೆಂಟರ್, ಅವನ್ನೆಲ್ಲ ಮೀರಿ ತಿರುಚಿಕೊಂಡು ಏರುವ 632 ಮೀಟರಿನ ಶಾಂಘೈ ಟವರ್. 1990ರಲ್ಲಿ ಸರ್ಕಾರ ಪುಡೊಂಗ್ ಅಭಿವೃದ್ಧಿಗೆ ಕೈಹಾಕುವವರೆಗೆ ಆ ದಡದಲ್ಲಿ ಬಹುಮಟ್ಟಿಗೆ ಗೋದಾಮು, ಕಾರ್ಖಾನೆ, ಹೊಲಗದ್ದೆಗಳೇ ಇದ್ದವು. 'ಡೊಂಗ್' ಅಂದರೆ ಪೂರ್ವ, 'ಶಿ' ಅಂದರೆ ಪಶ್ಚಿಮ. ನದಿಯ ಪೂರ್ವಕ್ಕೆ ಪುಡೊಂಗ್, ಪಶ್ಚಿಮಕ್ಕೆ ಪುಶಿ. ಇಷ್ಟು ತಲೆಯಲ್ಲಿದ್ದರೆ ಊರಿನಲ್ಲಿ ದಿಕ್ಕು ತಪ್ಪುವುದಿಲ್ಲ.

ಆದರೆ ದಯವಿಟ್ಟು ಹಿಂದಕ್ಕೂ ತಿರುಗಿ ನೋಡಿ. ಬೆನ್ನ ಹಿಂದೆ ಸಾಲಾಗಿ ನಿಂತಿರುವ ಹಳೆಯ ಕಲ್ಲು ಕಟ್ಟಡಗಳು ನನ್ನ ಮನಸ್ಸಿನಲ್ಲಿ ಗೋಪುರಗಳಿಗಿಂತ ಹೆಚ್ಚು ಉಳಿದಿವೆ. ಗುಮ್ಮಟದ ಬ್ಯಾಂಕ್ ಕಟ್ಟಡ 1923ರದ್ದು, ಪಕ್ಕದ ಗಡಿಯಾರ ಗೋಪುರದ ಕಸ್ಟಮ್ಸ್ ಹೌಸ್ 1927ರದ್ದು. ಹಸಿರು ಪಿರಮಿಡ್ ತಲೆಯ ಪೀಸ್ ಹೋಟೆಲನ್ನು 1929ರಲ್ಲಿ ಕಟ್ಟಿಸಿದವರು ವಿಕ್ಟರ್ ಸಸೂನ್. ಮುಂಬೈಯಲ್ಲಿ ಗ್ರಂಥಾಲಯ, ಹಡಗುಕಟ್ಟೆಗಳಿಗೆ ಹೆಸರು ಕೊಟ್ಟ ಅದೇ ಸಸೂನ್ ಮನೆತನ. ನಮ್ಮ ದೇಶದ ಅಫೀಮು, ಹತ್ತಿ ಚೀನಾಕ್ಕೆ ಸಾಗಿಸಿ ಸಂಪತ್ತು ಕೂಡಿಸಿದವರು. ಆ ಬಾಗಿಲ ಮುಂದೆ ನಿಂತಾಗ ಈ ಊರು ನಮಗೆ ಅಷ್ಟೇನೂ ಪರದೇಶ ಅಲ್ಲ ಅನ್ನಿಸಿತು. ಒಳಗೆ ಸಂಜೆ ಜಾಝ್ ನುಡಿಸುತ್ತಾರೆ. ಸಂಗೀತ ಇಷ್ಟ ಇದ್ದರೆ, ಖರ್ಚು ಮಾಡಲು ಮನಸ್ಸಿದ್ದರೆ, ಕುಡಿಯದವರೂ ಒಂದು ಲೋಟ ಜ್ಯೂಸ್ ಹಿಡಿದು ಕೂರಬಹುದು.

ನದಿಯ ಮೇಲಿನ ಕ್ರೂಸ್ ಬಗ್ಗೆ ಹೇಳುವುದಾದರೆ, ನಮ್ಮ ಗುಂಪಿನಲ್ಲಿ ಅದಕ್ಕೆ ಬೇರೆ ದುಡ್ಡು ಕೇಳಿದರು. ಚೆನ್ನಾಗಿಯೇ ಇರುತ್ತದೆ. ಆದರೆ ಸ್ಥಳೀಯರು ನದಿ ದಾಟುವ ಫೆರಿಗೆ ಎರಡೇ ಯುವಾನ್. ದಾಟುವುದು ಕೆಲವೇ ನಿಮಿಷ, ಆದರೂ ನಡು ನೀರಿನಲ್ಲಿ ನಿಂತರೆ ಎರಡೂ ದಡದ ದೀಪ ಒಟ್ಟಿಗೆ ಕಾಣುತ್ತವೆ. ಸೈಕಲ್ಲು, ಸ್ಕೂಟರು ಹಿಡಿದು ಮನೆಗೆ ಹೊರಟವರ ನಡುವೆ ನಿಂತು ನೋಡಿದ್ದು ನನಗೆ ಬಹಳ ಹಿಡಿಸಿತು.

ಅವತ್ತಿನ ಸಂಜೆ ಅತ್ತೆಗೆ ನೆನಪಿರುವುದು ಬೇರೆಯೇ. ನಾನ್‌ಜಿಂಗ್ ರಸ್ತೆಯ ವಾಹನವಿಲ್ಲದ ಭಾಗದಲ್ಲಿ ಒಂದು ಸ್ಪೀಕರ್ ಇಟ್ಟುಕೊಂಡು ಮೂವತ್ತು ನಲವತ್ತು ಹೆಂಗಸರು ಸಾಲು ಸಾಲಾಗಿ ಕುಣಿಯುತ್ತಿದ್ದರು. ಎಲ್ಲರೂ ಅತ್ತೆಯ ವಯಸ್ಸಿನ ಆಸುಪಾಸು. ಚೀನಾದ ಊರೂರಿನಲ್ಲೂ ಸಂಜೆ ಹೀಗೆ ಚೌಕಗಳಲ್ಲಿ ಸೇರಿ ಕುಣಿಯುತ್ತಾರೆ, ಯಾರು ಬೇಕಾದರೂ ಸೇರಿಕೊಳ್ಳಬಹುದು. ಅತ್ತೆ ಹಿಂದಿನ ಸಾಲಿನ ಪಕ್ಕ ನಿಂತು ಮೆಲ್ಲಗೆ ಕಾಲು ಹಾಕತೊಡಗಿದರು. ಮುಂದಿದ್ದ ಒಬ್ಬಾಕೆ ತಿರುಗಿ ನೋಡಿ, ಹತ್ತಿರ ಬಂದು, ಅತ್ತೆಯ ಮಣಿಕಟ್ಟು ಹಿಡಿದು ಕೈ ಎಷ್ಟು ಮೇಲಕ್ಕೆ ಎತ್ತಬೇಕು ಎಂದು ತೋರಿಸಿದರು. ನಾಲ್ಕನೇ ಹಾಡಿಗೆ ಇಬ್ಬರೂ ಅಕ್ಕಪಕ್ಕ ಇದ್ದರು. ಒಂದು ಮಾತೂ ಇಲ್ಲ. ಹೊರಡುವಾಗ ಆಕೆ ಅತ್ತೆಯ ಸೀರೆಯ ಸೆರಗು ಮುಟ್ಟಿ ನೋಡಿ, ಹೆಬ್ಬೆರಳು ಎತ್ತಿದರು. ನಿಮ್ಮ ಅಮ್ಮನನ್ನು ಖಂಡಿತ ಅಲ್ಲಿಗೆ ಕರೆದೊಯ್ಯಿರಿ.

ಹಗಲಿನ ಪಟ್ಟಿಯಲ್ಲಿ ಯುಯುವಾನ್ ಉದ್ಯಾನ ಇದ್ದೇ ಇರುತ್ತದೆ. 1559ರಲ್ಲಿ ಮಿಂಗ್ ರಾಜವಂಶದ ಕಾಲದ ಒಬ್ಬ ಅಧಿಕಾರಿ ತನ್ನ ತಂದೆಯ ನೆಮ್ಮದಿಗೆಂದು ಶುರುಮಾಡಿದ್ದು. ಗೋಡೆಯ ಮೇಲೆ ಹೆಂಚುಗಳೇ ಡ್ರ್ಯಾಗನ್ ಮೈಯಾಗಿ ಅಲೆಯಲೆಯಾಗಿ ಓಡುತ್ತವೆ, ತುದಿಯಲ್ಲಿ ತಲೆ. ಅದನ್ನು ನಿಧಾನವಾಗಿ ನೋಡಿ. ಉದ್ಯಾನ ಸಂಜೆಗೆ ಮುಚ್ಚುತ್ತದೆ, ಆದರೆ ಹೊರಗಿನ ಬಜಾರು, ಒಂಬತ್ತು ತಿರುವಿನ ಸೇತುವೆ ರಾತ್ರಿ ದೀಪದಲ್ಲಿ ಹಗಲಿಗಿಂತ ಚೆಂದ. ಶಾಂಘೈ ಟವರ್‌ನ 118ನೇ ಮಹಡಿಗೆ ಹತ್ತಿಸುವುದಾದರೆ ಆಕಾಶ ನೋಡಿಕೊಂಡು ನಿರ್ಧರಿಸಿ. ಮಂಜಿದ್ದ ದಿನ ದುಡ್ಡು ದಂಡ.

ರೇಷ್ಮೆ ಅಂಗಡಿ, ಜೇಡ್ ಅಂಗಡಿ ಅಂತ ಎರಡು ಮೂರು ಕಡೆ ಬಸ್ಸು ನಿಲ್ಲಿಸುತ್ತಾರೆ. ನಮ್ಮದು ಒಂದರಲ್ಲೇ ಒಂದೂವರೆ ಗಂಟೆ ಹೋಯಿತು. ಎಷ್ಟು ಅಂಗಡಿ, ಎಷ್ಟು ಹೊತ್ತು ಅಂತ ಹೊರಡುವ ಮುಂಚೆಯೇ ಬರೆಸಿಕೊಳ್ಳಿ.

ಇನ್ನು ಸುರಕ್ಷತೆಯ ಮಾತು. ರಾತ್ರಿ ಹತ್ತೂವರೆಗೂ ಒಬ್ಬಂಟಿ ಹುಡುಗಿಯರು ಆರಾಮವಾಗಿ ಓಡಾಡುವುದನ್ನು ನೋಡಿದೆ. ಎಚ್ಚರ ಇರಬೇಕಾದ್ದು ಒಂದೇ ವಿಷಯಕ್ಕೆ. ನಾನ್‌ಜಿಂಗ್ ರಸ್ತೆ, ಪೀಪಲ್ಸ್ ಸ್ಕ್ವೇರ್ ಸುತ್ತ ಚೆನ್ನಾಗಿ ಇಂಗ್ಲಿಷ್ ಮಾತಾಡುವ ಯುವಕ ಯುವತಿಯರು "ಫೋಟೋ ತೆಗೆದುಕೊಡಿ" ಅಂತ ಪರಿಚಯ ಮಾಡಿಕೊಂಡು, ಚಹಾ ರುಚಿ ನೋಡೋಣ ಬನ್ನಿ ಅಂತ ಕರೆಯುತ್ತಾರೆ. ನಮ್ಮ ಗುಂಪಿನ ಇಬ್ಬರು ಹೋಗಿ, ಪುಟ್ಟ ಪುಟ್ಟ ಬಟ್ಟಲಿನ ಚಹಾಕ್ಕೆ 1,400 ಯುವಾನ್ ತೆತ್ತು ಬಂದರು. ನಗುತ್ತಾ ಕೈಮುಗಿದು ಮುಂದೆ ನಡೆಯಿರಿ.

ಊಟಕ್ಕೆ 'ವೊ ಛಿ ಸು' ಅನ್ನುವ ಮೂರು ಪದ ಕಲಿಯಿರಿ, ನಾನು ಸಸ್ಯಾಹಾರಿ ಅಂತ ಅರ್ಥ. ಚೀನೀ ಲಿಪಿಯಲ್ಲೂ ಮೊಬೈಲಿನಲ್ಲಿ ಇಟ್ಟುಕೊಂಡು ತೋರಿಸಿ, ಯಾಕೆಂದರೆ ಉಚ್ಚಾರ ತಪ್ಪಿದರೆ ಅವರಿಗೆ ತಿಳಿಯುವುದಿಲ್ಲ. ಸೊಪ್ಪಿನ ಪಲ್ಯಕ್ಕೂ ಮಾಂಸದ ಸಾರು ಹಾಕುವುದುಂಟು, ಅದಕ್ಕೇ ಬೌದ್ಧ ಸಸ್ಯಾಹಾರದ ಹೋಟೆಲುಗಳೇ ನಂಬಿಕೆಯವು. ಜೇಡ್ ಬುದ್ಧ ದೇವಸ್ಥಾನದ ಊಟದ ಮನೆಯಲ್ಲಿ ಅಣಬೆ ನೂಡಲ್ಸ್ ತಿಂದು ನಮ್ಮ ಮೂವರಿಗೂ ತೃಪ್ತಿಯಾಯಿತು. ಹೋಟೆಲ್ ರೂಮಿನಲ್ಲಿ ನೀರು ಕಾಯಿಸುವ ಕೆಟಲ್ ಇರುತ್ತದೆ. ಗೊಜ್ಜವಲಕ್ಕಿ, ಚಟ್ನಿಪುಡಿ ಒಯ್ದರೆ ಅಮ್ಮನ ಹೊಟ್ಟೆಗೆ ಚಿಂತೆಯಿಲ್ಲ.

ಅಲ್ಲಿ ದುಡ್ಡು ಕೊಡಲು ಬಳಸುವ ಅಲಿಪೇ ಆ್ಯಪ್ ಇಲ್ಲಿಂದಲೇ ಹಾಕಿಕೊಂಡು, ವಿದೇಶದಲ್ಲಿ ನಡೆಯುವ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಮೆಟ್ರೊ, ಚೆಸ್ಟ್‌ನಟ್, ಟ್ಯಾಕ್ಸಿ ಎಲ್ಲಕ್ಕೂ ಅದೇ. ಅಲ್ಲಿನ ವೈಫೈನಲ್ಲಿ ಗೂಗಲ್, ವಾಟ್ಸ್ಆ್ಯಪ್ ತೆರೆಯುವುದಿಲ್ಲ, ನಮ್ಮ ಸಿಮ್‌ನ ರೋಮಿಂಗ್‌ನಲ್ಲಿ ನಡೆಯುತ್ತದೆ. ಹೋಟೆಲಿನ ವಿಳಾಸ ಚೀನೀ ಲಿಪಿಯಲ್ಲಿರುವ ಕಾರ್ಡು ಒಬ್ಬೊಬ್ಬರ ಜೇಬಿನಲ್ಲೂ ಇರಲಿ.

ಅಮ್ಮನಿಗೆ ಮೊಣಕಾಲು ನೋವಿದ್ದರೆ ಹೋಗುವಾಗ ಮೆಟ್ರೊ, ಬರುವಾಗ ಟ್ಯಾಕ್ಸಿ ಮಾಡಿ. ನವೆಂಬರ್‌ನಲ್ಲೇ ನದಿಯ ಗಾಳಿ ಕಿವಿಗೆ ಚುಚ್ಚುತ್ತಿತ್ತು, ಮಂಕಿಕ್ಯಾಪ್ ಮರೆಯಬೇಡಿ. ಅಕ್ಟೋಬರ್ 1ರಿಂದ ಶುರುವಾಗುವ ಅವರ ರಾಷ್ಟ್ರೀಯ ರಜೆಯ ವಾರದಲ್ಲಿ ನಿಮ್ಮ ತಾರೀಖು ಬಿದ್ದಿದ್ದರೆ ಬದಲಾಯಿಸಲು ನೋಡಿ, ಆಗ ಬಂಡ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೋಟೆಲಿನ ಹೆಸರು ಗೊತ್ತಾದ ಮೇಲೆ ಇಲ್ಲೇ ತಿಳಿಸಿ, ಅಲ್ಲಿಂದ ಯಾವ ಲೈನ್ ಹಿಡಿಯಬೇಕು ಅಂತ ನೋಡಿ ಹೇಳುತ್ತೇನೆ.