ಬಾಡಿಗೆದಾರರ ಮಾದಕ ವಸ್ತು ತಯಾರಿಕೆ, ಮಾಲೀಕರ ಜಾಮೀನು

ನಿಮ್ಮ ತಂದೆಯವರ ಗೋದಾಮಿನಲ್ಲಿ ಬಾಡಿಗೆದಾರರು ಮಾದಕ ವಸ್ತು ತಯಾರಿಸಿದ ಪ್ರಕರಣದಲ್ಲಿ ತಂದೆಯವರಿಗೆ ಜಾಮೀನು ಸಿಗದಿರುವುದಕ್ಕೆ, ವಶಪಡಿಸಿಕೊಂಡದ್ದನ್ನು ‘ವಾಣಿಜ್ಯ ಪ್ರಮಾಣ’ (ಕಾನೂನು ಗೊತ್ತುಪಡಿಸಿದ ದೊಡ್ಡ ಪ್ರಮಾಣ) ಎಂದು ದಾಖಲಿಸಿರುವುದೇ ಕಾರಣವಿರಬಹುದು, ಪಂಚನಾಮೆ (ಸಾಕ್ಷಿಗಳ ಸಮಕ್ಷಮ ಬರೆದ ಜಪ್ತಿ ದಾಖಲೆ) ನೋಡದೆ ಖಚಿತವಾಗಿ ಹೇಳಲಾಗದು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಆ ಪ್ರಮಾಣಕ್ಕೆ 10ರಿಂದ 20 ವರ್ಷಗಳ ಕಠಿಣ ಸಜೆ ಮತ್ತು ದಂಡವಿದ್ದು, 37ನೇ ಕಲಂ ಜಾಮೀನನ್ನು ಬಹಳ ಬಿಗಿಗೊಳಿಸುತ್ತದೆ. ಮೊದಲು ಪಂಚನಾಮೆಯ ಪ್ರತಿ ಪಡೆದು ತೂಕದ ವಿವರ ಪರಿಶೀಲಿಸಿ. ಮಿಶ್ರಣದ ಒಟ್ಟು ತೂಕವನ್ನೇ ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿರುವುದರಿಂದ ಅದರಲ್ಲಿ ಶುದ್ಧ ಮಾದಕ ವಸ್ತು ಕಡಿಮೆಯಿತ್ತೆಂಬ ವಾದವೊಂದನ್ನೇ ನಂಬಬೇಡಿ. ನನ್ನ ದೃಷ್ಟಿಯಲ್ಲಿ ಗಟ್ಟಿಯಾದ ನೆಲೆ 25ನೇ ಕಲಂ: ಗೊತ್ತಿದ್ದೂ ಜಾಗ ಬಳಸಲು ಬಿಟ್ಟ ಮಾಲೀಕರಿಗಷ್ಟೇ ಅದು ಅನ್ವಯಿಸುತ್ತದೆ. ಆದರೆ 35ನೇ ಕಲಂ ಆ ಅರಿವು ಇತ್ತೆಂದೇ ಭಾವಿಸುವುದರಿಂದ, ಬಾಡಿಗೆ ಕರಾರು, ಬ್ಯಾಂಕ್ ಪಾವತಿಗಳು, ಬೀಗದ ಕೈ ಯಾರ ವಶದಲ್ಲಿತ್ತೆಂಬುದರ ಸಾಕ್ಷ್ಯ, ಇವೆಲ್ಲವನ್ನೂ ಕೂಡಲೇ ಸಂಗ್ರಹಿಸಿ ವಕೀಲರಿಗೆ ಒಪ್ಪಿಸಿ. ನ್ಯಾಯಾಲಯ ಅವಧಿ ವಿಸ್ತರಿಸದೆ 180 ದಿನಗಳೊಳಗೆ ಆರೋಪಪಟ್ಟಿಯೂ ಸಲ್ಲಿಕೆಯಾಗದಿದ್ದರೆ, ತಡಮಾಡದೆ ಜಾಮೀನಿಗೆ ಅರ್ಜಿ ಹಾಕಿಸಿ.